ಡ್ಯಾಶ್‌ಬೋರ್ಡ್ ಕೊನೆಗೆ, ಲೆಕ್ಕ ಮೊದಲು: ನವೋದ್ಯಮಿಗಳಿಗೆ ದತ್ತಾಂಶ ಚಿತ್ರಣದ ಸಮಗ್ರ ಮಾರ್ಗದರ್ಶಿ

ನವೋದ್ಯಮ ಆರಂಭಿಸಿದವರು ಮತ್ತೆ ಮತ್ತೆ ಹೇಳಿಕೊಳ್ಳುವ ದೂರುಗಳು ಎರಡು. ಒಂದು: ಮುಖ್ಯ ಅಂಕಿ, ಚಾರ್ಟ್‌ಗಳನ್ನು ಒಂದೇ ಪರದೆಯಲ್ಲಿ ತೋರಿಸುವ ಡ್ಯಾಶ್‌ಬೋರ್ಡ್ ಮಾಡಿದೆವು, ಮೊದಲ ವಾರ ಎಲ್ಲರೂ ನೋಡಿದರು, ಆಮೇಲೆ ಯಾರೂ ಅತ್ತ ತಲೆ ಹಾಕಲಿಲ್ಲ. ಎರಡನೆಯದು ಇನ್ನೂ ಮುಜುಗರದ್ದು: ಡ್ಯಾಶ್‌ಬೋರ್ಡ್ ಒಂದು ಮಾರಾಟ ತೋರಿಸುತ್ತದೆ, ಬ್ಯಾಂಕ್ ಖಾತೆ ಬೇರೆಯದನ್ನು ತೋರಿಸುತ್ತದೆ, ಯಾವುದು ಸರಿ ಎಂದು ಹೂಡಿಕೆದಾರರು ಕೇಳಿದಾಗ ಪಾಲುದಾರರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಎರಡರ ಬೇರೂ ಕೆಲಸದ ಕ್ರಮದಲ್ಲಿದೆ. ಸಾಧನವನ್ನು ಮೊದಲು ತೆರೆಯುತ್ತಾರೆ. ಏನು ತಿಳಿಯಬೇಕು, ಅಂಕಿ ಎಲ್ಲಿಂದ ಬಂತು, ಬ್ಯಾಂಕಿಗೆ ತಾಳೆಯಾಗುತ್ತದೆಯೇ ಎಂಬುದನ್ನು ಆಮೇಲೆ ನೋಡಿಕೊಳ್ಳೋಣ ಎನ್ನುತ್ತಾರೆ. ಆ ಆಮೇಲೆ ಬರುವುದೇ ಇಲ್ಲ.

ಹೀಗಾಗಿ ಈ ಮಾರ್ಗದರ್ಶಿಯಲ್ಲಿ ಮೊದಲ ಚಾರ್ಟ್ ಬರುವುದು ಏಳನೆಯ ಹಂತದಲ್ಲಿ. ಅಲ್ಲಿಯವರೆಗೆ ತಾಳ್ಮೆ ಬೇಕು. ಉದಾಹರಣೆಗೆ ಒಂದೇ ಕಲ್ಪಿತ ಸಂಸ್ಥೆಯನ್ನು ಉದ್ದಕ್ಕೂ ಬಳಸಿಕೊಂಡಿದ್ದೇನೆ: ಬನಶಂಕರಿಯ ಅಡುಗೆಮನೆಯೊಂದರಿಂದ ಜಯನಗರ, ಕೋರಮಂಗಲ, ಎಚ್‌ಎಸ್‌ಆರ್ ಬಡಾವಣೆಗಳ ಮನೆ, ಕಚೇರಿಗಳಿಗೆ ತಿಂಗಳ ಚಂದಾದ ಮೇಲೆ ಊಟದ ಡಬ್ಬಿ ಕಳಿಸುವ ಇಬ್ಬರು ಪಾಲುದಾರರ ಸಂಸ್ಥೆ. ಅದರ ಅಂಕಿಗಳೆಲ್ಲ ಲೆಕ್ಕ ತೋರಿಸಲೆಂದು ಇಟ್ಟುಕೊಂಡವು.

## ಬೇಕಾಗುವ ಸಾಧನಗಳು

ಹತ್ತು ಜನರೊಳಗಿನ ಸಂಸ್ಥೆಗೆ ಗೂಗಲ್ ಶೀಟ್ಸ್ ಮತ್ತು ಅದರ ಅಂಕಿಗಳಿಂದ ಚಾರ್ಟ್‌ಗಳ ವರದಿ ಕಟ್ಟುವ ಗೂಗಲ್‌ನದೇ ಲುಕರ್ ಸ್ಟುಡಿಯೋ ಎರಡೇ ಸಾಕು. ಎರಡಕ್ಕೂ ಹಣ ಕೊಡಬೇಕಿಲ್ಲ. ಒಂದು ಶೀಟ್ ಕಡತದಲ್ಲಿ ಒಂದು ಕೋಟಿ ಕೋಶಗಳವರೆಗೆ ಜಾಗವಿದೆ. ಅದಕ್ಕೂ ಎಷ್ಟೋ ಮೊದಲೇ ಕಡತ ನಿಧಾನವಾಗುತ್ತದೆ ಎಂಬುದು ಬೇರೆ ಮಾತು.

ಆರ್ಡರ್‌ಗಳು ಸ್ವಂತ ಆ್ಯಪ್‌ನ ಡೇಟಾಬೇಸ್‌ನಲ್ಲಿದ್ದು, ಒಬ್ಬ ಎಂಜಿನಿಯರ್ ಜೊತೆಗಿದ್ದರೆ ಡೇಟಾಬೇಸ್‌ನಿಂದಲೇ ಚಾರ್ಟ್ ಎಳೆಯುವ ಮೆಟಾಬೇಸ್ ನೋಡಬಹುದು. ಅದರ ಮುಕ್ತ ಆಕರ ಆವೃತ್ತಿಯನ್ನು ನಿಮ್ಮದೇ ಸರ್ವರ್‌ನಲ್ಲಿ ಉಚಿತವಾಗಿ ನಡೆಸಬಹುದು. ಪವರ್ ಬಿಐ ಡೆಸ್ಕ್‌ಟಾಪ್ ಉಚಿತವಾದರೂ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಪಾಲುದಾರರಲ್ಲಿ ಒಬ್ಬರ ಬಳಿ ಮ್ಯಾಕ್ ಇದ್ದರೆ ಅಲ್ಲಿಗೇ ತೊಡಕು ಶುರು. ಒಂದೇ ಒಂದು ಚೊಕ್ಕ ಚಾರ್ಟ್ ಮಾಡಿ ಜಾಲತಾಣಕ್ಕೋ ಪ್ರಸ್ತುತಿಗೋ ಹಾಕಬೇಕಿದ್ದರೆ ಡೇಟಾರ‍್ಯಾಪರ್ ಅಥವಾ ಫ್ಲರಿಶ್ ಚೆನ್ನ.

ಮೊದಲ ಆರು ತಿಂಗಳು ದತ್ತಾಂಶದ ಸಾಧನಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ ಎಂಬುದು ನನ್ನ ಅಭಿಪ್ರಾಯ. ಹಣ ಕೊಟ್ಟು ತಂದ ಸಾಧನ ಕೆಟ್ಟ ದತ್ತಾಂಶವನ್ನು ಸರಿ ಮಾಡುವುದಿಲ್ಲ, ಹೊಳಪು ಕೊಡುತ್ತದೆ ಅಷ್ಟೇ.

## ಹಂತ 1: ನಿರ್ಧಾರದಿಂದ ಹೊರಡಿ

ಒಂದು ಕಾಗದದಲ್ಲಿ, ಬರುವ ಮೂರು ತಿಂಗಳಲ್ಲಿ ನೀವು ತೆಗೆದುಕೊಳ್ಳಲೇಬೇಕಾದ ಮೂರು ನಿರ್ಧಾರಗಳನ್ನು ಬರೆಯಿರಿ. ನಮ್ಮ ಡಬ್ಬಿ ಸಂಸ್ಥೆಗೆ ಅವು ಹೀಗಿರಬಹುದು: ಎಚ್‌ಎಸ್‌ಆರ್ ಬಡಾವಣೆಯಲ್ಲಿ ಎರಡನೆಯ ಅಡುಗೆಮನೆ ತೆರೆಯಬೇಕೇ? ಚಂದಾ ದರ ಏರಿಸಬಹುದೇ? ಜಾಹೀರಾತಿಗೆ ಹಾಕುತ್ತಿರುವ ಹಣ ನಿಲ್ಲಿಸಬೇಕೇ?

ಪ್ರತಿ ನಿರ್ಧಾರದ ಪಕ್ಕದಲ್ಲಿ, ಯಾವ ಅಂಕಿ ಎಷ್ಟಾದರೆ ಹೌದು, ಎಷ್ಟಾದರೆ ಬೇಡ ಎಂದು ಬರೆಯಿರಿ. ಇದನ್ನು ಅಂಕಿ ನೋಡುವ ಮೊದಲೇ ಬರೆಯಬೇಕು. ನೋಡಿದ ಮೇಲೆ ಬರೆದರೆ ಮನಸ್ಸು ತನಗೆ ಬೇಕಾದ ಕಡೆಗೇ ಗೆರೆ ಎಳೆಯುತ್ತದೆ.

ಎಚ್ಚರಿಕೆಯ ಗುರುತು: ಪಟ್ಟಿಯಲ್ಲಿ "ವ್ಯವಹಾರದ ಒಟ್ಟು ಸ್ಥಿತಿ ತಿಳಿಯಬೇಕು" ಎಂಬಂಥ ಸಾಲಿದ್ದರೆ ಹೊಡೆದುಹಾಕಿ. ಅದರಿಂದ ಹುಟ್ಟುವುದೇ ಇಪ್ಪತ್ತು ಚಾರ್ಟ್‌ಗಳ, ಯಾರೂ ತೆರೆಯದ ಡ್ಯಾಶ್‌ಬೋರ್ಡ್.

## ಹಂತ 2: ದತ್ತಾಂಶ ಎಲ್ಲೆಲ್ಲಿದೆ ಎಂದು ಪಟ್ಟಿ ಮಾಡಿ

ಸಣ್ಣ ಸಂಸ್ಥೆಯ ದತ್ತಾಂಶ ಒಂದೇ ಕಡೆ ಇರುವುದಿಲ್ಲ. ಆರ್ಡರ್ ಸ್ವಲ್ಪ ವಾಟ್ಸ್‌ಆ್ಯಪ್‌ನಲ್ಲಿ, ಸ್ವಲ್ಪ ಗೂಗಲ್ ಫಾರ್ಮ್‌ನಲ್ಲಿ, ಪಾವತಿ ಆನ್‌ಲೈನ್ ಹಣ ಪಡೆದುಕೊಡುವ ಪೇಮೆಂಟ್ ಗೇಟ್‌ವೇಯಲ್ಲಿ, ನೇರ ಯುಪಿಐ ಬಂದದ್ದು ಬ್ಯಾಂಕ್ ವಿವರಪಟ್ಟಿಯಲ್ಲಿ, ಬಿಲ್ಲುಗಳು ಟ್ಯಾಲಿಯಲ್ಲಿ, ಡೆಲಿವರಿ ಹುಡುಗರ ಸಮಯ ಒಂದು ನೋಟ್‌ಬುಕ್ಕಿನಲ್ಲಿ. ಪ್ರತಿಯೊಂದಕ್ಕೂ ಒಂದು ಸಾಲು ಬರೆಯಿರಿ: ಏನಿದೆ, ಎಂದಿನಿಂದ ಇದೆ, ಯಾರ ಕೈಯಲ್ಲಿದೆ, ಹೇಗೆ ಹೊರತೆಗೆಯಬಹುದು.

ಕೆಲವು ಮೂಲಗಳು ಕಾಯುವುದಿಲ್ಲ. ಜಾಲತಾಣ, ಆ್ಯಪ್‌ಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ 4ರಲ್ಲಿ ಬಳಕೆದಾರರ ಮಟ್ಟದ ದತ್ತಾಂಶವನ್ನು ಉಳಿಸಿಡುವ ಅವಧಿ ಮೊದಲಿಗೆ 2 ತಿಂಗಳಷ್ಟೇ ಇರುತ್ತದೆ. ಸೆಟ್ಟಿಂಗ್‌ನಲ್ಲಿ ಅದನ್ನು 14 ತಿಂಗಳಿಗೆ ಏರಿಸಬಹುದು, ಆದರೆ ಅಳಿದುಹೋದದ್ದು ತಿರುಗಿ ಬರುವುದಿಲ್ಲ. ಈ ಲೇಖನವನ್ನು ಮುಂದೆ ಓದುವ ಮೊದಲು ಅದೊಂದನ್ನು ಬದಲಿಸಿ ಬನ್ನಿ.

## ಹಂತ 3: ಮೂಲ ಪ್ರತಿಯನ್ನು ಮುಟ್ಟದೆ ಶೀಟ್‌ಗೆ ತನ್ನಿ

ಹೊರತೆಗೆದ ಪ್ರತಿ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಟ್ಟಿ) ಕಡತವನ್ನೂ ದಿನಾಂಕದ ಹೆಸರು ಕೊಟ್ಟು ಒಂದು ಫೋಲ್ಡರ್‌ನಲ್ಲಿಡಿ. ಅದನ್ನು ಯಾರೂ ತಿದ್ದಬಾರದು. ಕೆಲಸವೆಲ್ಲ ಅದರ ನಕಲಿನ ಮೇಲೆ.

ಶೀಟ್ ತೆರೆದ ತಕ್ಷಣ, ದತ್ತಾಂಶ ತರುವ ಮೊದಲೇ, ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಪ್ರದೇಶವನ್ನು ಭಾರತ ಎಂದೂ ಸಮಯವಲಯವನ್ನು ಕೋಲ್ಕತ್ತ ಎಂದೂ ಬದಲಿಸಿ. ಇದನ್ನು ಬಿಟ್ಟರೆ 05/06 ಎಂಬುದನ್ನು ಶೀಟ್ ಮೇ 6 ಎಂದು ಓದುತ್ತದೆ, ನೀವು ಜೂನ್ 5 ಎಂದುಕೊಂಡಿರುತ್ತೀರಿ. 12ನೇ ತಾರೀಖಿನ ನಂತರದ ದಿನಾಂಕಗಳು ಮಾತ್ರ ಅಕ್ಷರಗಳಾಗಿ ಕೋಶದ ಎಡಕ್ಕೆ ಅಂಟಿ ನಿಲ್ಲುತ್ತವೆ. ಒಂದೇ ಕಾಲಂನಲ್ಲಿ ಅರ್ಧ ದಿನಾಂಕಗಳು ಬಲಕ್ಕೆ, ಅರ್ಧ ಎಡಕ್ಕೆ ಇದ್ದರೆ ಬಲಕ್ಕಿರುವವೂ ತಪ್ಪೆಂದೇ ತಿಳಿಯಿರಿ. ಶೀಟ್‌ಗೆ ತಂದದ್ದನ್ನು ಅಳಿಸಿ ಮತ್ತೆ ತನ್ನಿ.

ಸಮಯವಲಯದ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಬಹಳಷ್ಟು ಸರ್ವರ್‌ಗಳು ಸಮಯವನ್ನು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಬರೆದಿಡುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಮಧ್ಯರಾತ್ರಿಯಿಂದ ಬೆಳಗಿನ ಐದೂವರೆಯೊಳಗೆ ಬಂದ ಆರ್ಡರ್‌ಗಳು ಹಿಂದಿನ ದಿನಕ್ಕೆ ಸೇರಿಹೋಗುತ್ತವೆ. ಬೆಳಗಿನ ತಿಂಡಿಗೆ ಐದು ಗಂಟೆಗೇ ಆರ್ಡರ್ ಹಾಕುವ ಗ್ರಾಹಕರಿದ್ದರೆ ಸೋಮವಾರದ ವ್ಯಾಪಾರ ಭಾನುವಾರದ ಖಾತೆಯಲ್ಲಿ ಕೂರುತ್ತದೆ. ಒಂದನೇ ತಾರೀಖಿನದು ಹಿಂದಿನ ತಿಂಗಳಿಗೆ ಜಾರುತ್ತದೆ.

ಕನ್ನಡದಲ್ಲಿ ಬರೆದ ಹೆಸರು, ವಿಳಾಸಗಳಿರುವ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ಎರಡು ಬಾರಿ ಒತ್ತಿ ತೆರೆಯಬೇಡಿ. ಅಕ್ಷರಗಳ ಜಾಗದಲ್ಲಿ ವಿಚಿತ್ರ ಚಿಹ್ನೆಗಳ ಸಾಲು ಬರುವ ಸಾಧ್ಯತೆ ಹೆಚ್ಚು. ಡೇಟಾ ಮೆನುವಿನಿಂದ ಕಡತವನ್ನು ಆಮದು ಮಾಡಿ, ಸಂಕೇತ ವಿಧಾನ ಯುಟಿಎಫ್-8 ಎಂದು ಆರಿಸಿ. ಆಗಲೂ ಓದಲಾಗದಿದ್ದರೆ ಕಳಿಸಿದವರು ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಟೈಪ್ ಮಾಡಿರಬಹುದು. ತರಕಾರಿ, ದಿನಸಿ ಪೂರೈಸುವವರ ಲೆಕ್ಕಪಟ್ಟಿಗಳಲ್ಲಿ ಇದು ಇಂದಿಗೂ ಸಿಗುತ್ತದೆ. ಅಂಥದ್ದನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದ ಮೇಲೆಯೇ ಮುಂದಿನ ಕೆಲಸ.

ಇನ್ನೊಂದು ಮಾತು. ಎಕ್ಸೆಲ್ 15 ಅಂಕೆಗಳಿಗಿಂತ ಉದ್ದದ ಸಂಖ್ಯೆಯ ಕೊನೆಯ ಅಂಕೆಗಳನ್ನು ಸೊನ್ನೆ ಮಾಡಿಬಿಡುತ್ತದೆ. ಪಾವತಿಯ ಗುರುತು ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ, ಪಿನ್‌ಕೋಡ್ ಇವೆಲ್ಲ ಅಕ್ಷರರೂಪದಲ್ಲೇ ಬರಲಿ.

## ಹಂತ 4: ಒಂದು ಸಾಲಿಗೆ ಒಂದು ಆರ್ಡರ್, ಒಂದು ಹೆಸರಿಗೆ ಒಂದು ಕಾಗುಣಿತ

ಶೀಟ್‌ನ ಆಕಾರ ಸರಳವಾಗಿರಲಿ: ಪ್ರತಿ ಸಾಲು ಒಂದು ಆರ್ಡರ್, ಪ್ರತಿ ಕಾಲಂ ಒಂದು ಸಂಗತಿ. ತಿಂಗಳಿಗೊಂದು ಹಾಳೆ, ನಡುನಡುವೆ ಒಟ್ಟು ಮೊತ್ತದ ಸಾಲು, ಎರಡು ಕೋಶ ಸೇರಿಸಿ ಬರೆದ ಶೀರ್ಷಿಕೆ, ತಡವಾದ ಆರ್ಡರ್‌ಗೆ ಕೆಂಪು ಬಣ್ಣ ಬಳಿದ ಗುರುತು ಇವೆಲ್ಲ ಕಣ್ಣಿಗೆ ಅಂದ, ಸಾಲುಗಳನ್ನು ಗುಂಪು ಮಾಡಿ ಎಣಿಸುವ, ಕೂಡಿಸುವ ಪಿವಟ್ ಟೇಬಲ್‌ಗೆ ವಿಷ. ಬಣ್ಣ ಹೇಳುವ ಮಾತನ್ನು ಒಂದು ಕಾಲಂ ಮಾಡಿ ಬರೆಯಿರಿ.

ಆಮೇಲೆ ಶುದ್ಧಿ. ಬೆಂಗಳೂರಿನ ದತ್ತಾಂಶದಲ್ಲಿ ಹೆಚ್ಚು ಹೊತ್ತು ತಿನ್ನುವುದು ವಿಳಾಸ. ಗ್ರಾಹಕರು ಒಂದೇ ಜಾಗವನ್ನು ಜಯನಗರ, ಜಯನಗರ 4ನೇ ಬ್ಲಾಕ್, 4ನೇ ಟಿ ಬ್ಲಾಕ್, ಕಾಂಪ್ಲೆಕ್ಸ್ ಹತ್ತಿರ ಎಂದು ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಶೀಟ್‌ಗೆ ಅವು ನಾಲ್ಕು ಊರು. ಇದಕ್ಕೆ ಒಳ್ಳೆಯ ಆಧಾರ ಪಿನ್‌ಕೋಡ್. ಆದರೆ ಬಡಾವಣೆಯ ಒಂದು ಹೆಸರಿಗೆ ಒಂದೇ ಪಿನ್‌ಕೋಡ್ ಇರುತ್ತದೆ ಎಂದು ಭಾವಿಸಬೇಡಿ: ಜಯನಗರದಲ್ಲಿ 560011, 560041 ಎರಡೂ ಸಿಗುತ್ತವೆ, ಕೋರಮಂಗಲದಲ್ಲಿ 560034, 560095. ಪಿನ್‌ಕೋಡ್ ಒಂದು ಕಾಲಂ, ನೀವು ಕೊಡುವ ಪ್ರದೇಶದ ಹೆಸರು ಇನ್ನೊಂದು ಕಾಲಂ ಆಗಿರುವ ಸಣ್ಣ ಹಾಳೆ ಮಾಡಿ, ವಿಲುಕಪ್ (VLOOKUP) ಸೂತ್ರದಿಂದ ಜೋಡಿಸಿ. ಹೊಸ ಆರ್ಡರ್‌ಗಳಿಗೆ ಫಾರ್ಮ್‌ನಲ್ಲೇ ಪ್ರದೇಶವನ್ನು ಪಟ್ಟಿಯಿಂದ ಆರಿಸುವ ವ್ಯವಸ್ಥೆ ಇಡಿ, ಗ್ರಾಹಕರ ಕೈಗೆ ಟೈಪ್ ಮಾಡಲು ಕೊಡಬೇಡಿ.

ಉಳಿದ ಶುದ್ಧಿ ಕೆಲಸ ಬೇಗ ಮುಗಿಯುತ್ತದೆ. ಹೆಸರಿನ ಹಿಂದೆಮುಂದೆ ಸೇರಿಕೊಂಡ ಖಾಲಿ ಜಾಗಕ್ಕೆ ಟ್ರಿಮ್ (TRIM) ಸೂತ್ರ. ಎರಡು ಸಲ ದಾಖಲಾದ ಆರ್ಡರ್‌ಗಳನ್ನು ಆರ್ಡರ್ ಸಂಖ್ಯೆಯ ಮೇಲೆ ಹುಡುಕಿ ತೆಗೆಯುವುದು. ಪರೀಕ್ಷೆಗೆಂದು ನೀವೇ ಹಾಕಿದ ಒಂದು ರೂಪಾಯಿ ಆರ್ಡರ್‌ಗಳನ್ನು, ಸ್ನೇಹಿತರಿಗೆ ಬಿಟ್ಟಿ ಕೊಟ್ಟ ಡಬ್ಬಿಗಳನ್ನು ಗುರುತಿಸಿ ಬೇರೆ ಮಾಡುವುದು. ಕೊನೆಯದನ್ನು ಜನ ಮರೆಯುತ್ತಾರೋ, ಮರೆತಂತೆ ಇರುತ್ತಾರೋ ಹೇಳುವುದು ಕಷ್ಟ.

## ಹಂತ 5: ಪದಗಳಿಗೆ ಅರ್ಥ ಗೊತ್ತುಮಾಡಿ

ಸಕ್ರಿಯ ಗ್ರಾಹಕರು ಎಂದರೆ ಯಾರು? ಆ್ಯಪ್ ಇಳಿಸಿಕೊಂಡವರೇ, ಕಳೆದ 30 ದಿನದಲ್ಲಿ ಒಮ್ಮೆಯಾದರೂ ಡಬ್ಬಿ ತರಿಸಿದವರೇ, ಇಂದು ಚಂದಾ ಚಾಲ್ತಿಯಲ್ಲಿರುವವರೇ? ಪಾಲುದಾರರಿಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದರೆ ಎರಡು ಉತ್ತರ ಬರುತ್ತದೆ. ಶೀಟ್‌ನಲ್ಲಿ ಒಂದು ಹಾಳೆಯನ್ನು ಇದಕ್ಕೇ ಮೀಸಲಿಟ್ಟು, ಪ್ರತಿ ಅಳತೆಗೂ ಒಂದು ವಾಕ್ಯದ ಅರ್ಥ, ಲೆಕ್ಕದ ಬಗೆ, ಯಾವ ಕಾಲಂನಿಂದ ಬರುತ್ತದೆ ಎಂಬುದನ್ನು ಬರೆಯಿರಿ.

ಹೆಚ್ಚು ಎಡವುವ ಜಾಗ ಆದಾಯ. ಗ್ರಾಹಕ ಕೊಟ್ಟ ಮೊತ್ತದಲ್ಲಿ ಜಿಎಸ್‌ಟಿ ಸೇರಿರುತ್ತದೆ. ಅದು ಸರ್ಕಾರದ ಹಣ, ನಿಮ್ಮ ಬಳಿ ಸ್ವಲ್ಪ ದಿನ ಇರುತ್ತದೆ ಅಷ್ಟೇ. ಮೂರು ತಿಂಗಳ ಚಂದಾ ಎಂದು ಒಬ್ಬರು ತೆರಿಗೆ ಬಿಟ್ಟು 9,000 ರೂಪಾಯಿ ಮುಂಗಡ ಕೊಟ್ಟರೆ ಆ ತಿಂಗಳ ಆದಾಯ 3,000 ಮಾತ್ರ. ಉಳಿದ 6,000 ನೀವು ಇನ್ನೂ ಕಳಿಸಬೇಕಾದ ಊಟದ ಋಣ. ಮುಂಗಡವನ್ನೆಲ್ಲ ಬಂದ ತಿಂಗಳಿಗೇ ಹಾಕಿ ಚಾರ್ಟ್ ಎಳೆದರೆ ರಿಯಾಯಿತಿ ಕೊಟ್ಟ ತಿಂಗಳು ಬೆಟ್ಟದಂತೆ ಏಳುತ್ತದೆ, ಮುಂದಿನೆರಡು ತಿಂಗಳು ಕಾರಣವಿಲ್ಲದೆ ಕುಸಿದಂತೆ ಕಾಣುತ್ತದೆ.

ಸರಾಸರಿಯ ಬಗ್ಗೆಯೂ ಎಚ್ಚರ. ಹತ್ತು ಡಬ್ಬಿಗಳಲ್ಲಿ ಒಂಬತ್ತು 25 ನಿಮಿಷಕ್ಕೆ ತಲುಪಿ, ಸಿಲ್ಕ್ ಬೋರ್ಡ್ ಬಳಿ ಸಿಕ್ಕಿಕೊಂಡ ಒಂದು 95 ನಿಮಿಷ ತೆಗೆದುಕೊಂಡರೆ ಸರಾಸರಿ 32. ಯಾರ ಡಬ್ಬಿಯೂ 32 ನಿಮಿಷಕ್ಕೆ ತಲುಪಿಲ್ಲ. ನಡುಮೌಲ್ಯವನ್ನೂ (ಏರಿಕೆ ಕ್ರಮದಲ್ಲಿಟ್ಟಾಗ ಸರಿಯಾಗಿ ನಡುವೆ ಬರುವ ಅಂಕಿ), ನಿಗದಿತ ಹೊತ್ತು ಮೀರಿದ ಡಬ್ಬಿಗಳ ಸಂಖ್ಯೆಯನ್ನೂ ಇಟ್ಟುಕೊಂಡರೆ ನಿಜ ಸ್ಥಿತಿ ಗೊತ್ತಾಗುತ್ತದೆ: ಮಾಮೂಲಿಗೆ 25 ನಿಮಿಷ, ಹತ್ತರಲ್ಲಿ ಒಬ್ಬರ ಊಟ ತಣ್ಣಗಾಗಿದೆ.

## ಹಂತ 6: ಬ್ಯಾಂಕಿನೊಂದಿಗೆ ತಾಳೆ ನೋಡಿ

ಈ ಹಂತ ದಾಟದೆ ಮುಂದೆ ಹೋಗಬೇಡಿ. ಜನ ಬಿಟ್ಟುಬಿಡುವುದೂ ಇದನ್ನೇ, ಏಕೆಂದರೆ ಇಲ್ಲಿ ಬಣ್ಣವೂ ಇಲ್ಲ, ಚಿತ್ರವೂ ಇಲ್ಲ.

ಒಂದು ಮುಗಿದ ತಿಂಗಳನ್ನು ಆರಿಸಿ. ಡಬ್ಬಿ ಸಂಸ್ಥೆಯ ಜೂನ್ ತಿಂಗಳು ಎಂದುಕೊಳ್ಳಿ. ಗೇಟ್‌ವೇ ಬಳಸಲು ಶುರು ಮಾಡಿದ ಮೊದಲ ತಿಂಗಳಾದ್ದರಿಂದ ಹಿಂದಿನ ಬಾಕಿ ಇಲ್ಲ. ಗ್ರಾಹಕರು ಕೊಟ್ಟದ್ದು 5,25,000 ರೂಪಾಯಿ, ಅದರಲ್ಲಿ ಶೇ 5ರ ಜಿಎಸ್‌ಟಿ 25,000. ಹಾಗಾದರೆ ಆದಾಯ 5,00,000. ಪೇಮೆಂಟ್ ಗೇಟ್‌ವೇ ಶೇ 2 ಶುಲ್ಕ ಹಿಡಿಯುತ್ತದೆ ಎಂದಿಟ್ಟುಕೊಂಡರೆ ಒಟ್ಟು ಮೊತ್ತದ ಮೇಲೆ 10,500, ಆ ಶುಲ್ಕದ ಮೇಲೆ ಶೇ 18ರ ಜಿಎಸ್‌ಟಿ 1,890. ಎರಡೂ ಸೇರಿ 12,390 ಕಳೆದು ನಿಮಗೆ ಬರಬೇಕಾದದ್ದು 5,12,610. ಆದರೆ ಗೇಟ್‌ವೇ ಹಣವನ್ನು ಅಂದೇ ಕಳಿಸುವುದಿಲ್ಲ. ಒಂದೆರಡು ಕೆಲಸದ ದಿನ ಹಿಡಿಯುತ್ತದೆ. ಜೂನ್ ಕೊನೆಯಲ್ಲಿ ಬಂದ 40,000 ರೂಪಾಯಿ ಪಾವತಿಗಳು ಶುಲ್ಕ ಕಳೆದು 39,056 ಆಗಿ ಜುಲೈನಲ್ಲಿ ಜಮೆಯಾದವು. ಜೂನ್ ತಿಂಗಳ ಬ್ಯಾಂಕ್ ಖಾತೆಯಲ್ಲಿ ಕಾಣುವುದು 4,73,554.

5,25,000, 5,00,000, 4,73,554. ಮೂರೂ ಸರಿಯಾದ ಅಂಕಿಗಳೇ. ಮೂರರ ನಡುವಿನ ವ್ಯತ್ಯಾಸವನ್ನು ರೂಪಾಯಿ ರೂಪಾಯಿಗೂ ಹೇಳಬಲ್ಲಿರಾದರೆ ನಿಮ್ಮ ದತ್ತಾಂಶ ಚಾರ್ಟ್‌ಗೆ ಸಿದ್ಧ. ಹಣ ಹಿಂದಿರುಗಿಸಿದ ಆರ್ಡರ್‌ಗಳಿದ್ದರೆ ಅವನ್ನೂ ಇದೇ ಪಟ್ಟಿಯಲ್ಲಿ ಕಳೆಯಬೇಕು. ಕಾರಣ ಸಿಗದ ಮೊತ್ತ ಉಳಿದರೆ ಅದನ್ನು ಇತರೆ ಎಂಬ ಹೆಸರಿನಲ್ಲಿ ಮುಚ್ಚಬೇಡಿ. ಹೆಚ್ಚಿನ ಸಲ ಅದು ಎರಡು ಸಲ ಎಣಿಸಿದ ಆರ್ಡರ್ ಅಥವಾ ಪಾವತಿ ವಿಫಲವಾದರೂ ಪೂರ್ಣವೆಂದು ದಾಖಲಾದ ಆರ್ಡರ್ ಆಗಿರುತ್ತದೆ.

ಮಾರ್ಚ್ ತಿಂಗಳಲ್ಲಿ ಈ ಕೆಲಸವನ್ನು ಇನ್ನಷ್ಟು ಗಮನವಿಟ್ಟು ಮಾಡಿ. ಮಾರ್ಚ್ 30, 31ರ ಮಾರಾಟದ ಹಣ ಏಪ್ರಿಲ್‌ನಲ್ಲಿ ಬರುವುದರಿಂದ ವ್ಯತ್ಯಾಸ ಹಣಕಾಸು ವರ್ಷದ ಗಡಿಯನ್ನೇ ದಾಟುತ್ತದೆ.

## ಹಂತ 7: ಪ್ರಶ್ನೆಗೆ ತಕ್ಕ ಚಾರ್ಟ್ ಆರಿಸಿ

ಕಾಲದೊಂದಿಗೆ ಬದಲಾಗುವುದಕ್ಕೆ ಗೆರೆ, ಒಂದಕ್ಕೊಂದು ಹೋಲಿಸುವುದಕ್ಕೆ ಅಡ್ಡ ಪಟ್ಟಿ. ನವೋದ್ಯಮದ ಹೆಚ್ಚಿನ ಪ್ರಶ್ನೆಗಳು ಈ ಎರಡರಲ್ಲಿ ಮುಗಿಯುತ್ತವೆ. ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಆಧಾರ ಕೊಡುತ್ತವೆ: ಒಂದೇ ಅಳತೆಗೋಲಿನ ಮೇಲಿನ ಸ್ಥಾನವನ್ನು ಕಣ್ಣು ಚೆನ್ನಾಗಿ ಅಂದಾಜಿಸುತ್ತದೆ, ಕೋನ, ವಿಸ್ತೀರ್ಣಗಳಲ್ಲಿ ಹೆಚ್ಚು ತಪ್ಪುತ್ತದೆ. ಪೈ ಚಾರ್ಟ್ ಸೋಲುವುದು ಇಲ್ಲೇ. ಮೂರು ಆಯಾಮದ ಪೈ, ಕಾರಿನ ವೇಗಮಾಪಕದಂಥ ಮುಳ್ಳಿನ ಚಿತ್ರ ಇವೆಲ್ಲ ಜಾಗ ತಿನ್ನುತ್ತವೆ, ಉತ್ತರ ಕೊಡುವುದಿಲ್ಲ.

ಪಟ್ಟಿಗಳು ಸೊನ್ನೆಯಿಂದಲೇ ಶುರುವಾಗಬೇಕು. 90ರಿಂದ ಶುರು ಮಾಡಿದರೆ 95 ಮತ್ತು 100 ಒಂದಕ್ಕೊಂದು ಎರಡರಷ್ಟಾಗಿ ಕಾಣುತ್ತವೆ. ಗೆರೆಗೆ ಈ ಕಟ್ಟುಪಾಡು ಇಲ್ಲ, ಆದರೆ ಅಳತೆಗೋಲಿನ ಸಂಖ್ಯೆಗಳು ಕಾಣುವಂತಿರಲಿ. ಎಡಕ್ಕೊಂದು ಬಲಕ್ಕೊಂದು ಅಳತೆಗೋಲು ಇಟ್ಟು ಎರಡು ಗೆರೆ ಎಳೆಯಬೇಡಿ. ಅಳತೆಗೋಲನ್ನು ಎಳೆದಾಡಿದರೆ ಯಾವ ಎರಡು ಗೆರೆಯನ್ನಾದರೂ ಜೊತೆಯಾಗಿ ನಡೆಸಬಹುದು.

ಕೂಡಿಸುತ್ತಾ ಹೋದ ಒಟ್ಟು ಗ್ರಾಹಕರ ಗೆರೆ ನವೋದ್ಯಮಿಗಳ ಬಲು ಪ್ರೀತಿಯ ಚಾರ್ಟ್. ಅದು ಇಳಿಯಲು ಸಾಧ್ಯವೇ ಇಲ್ಲ, ಅಂಗಡಿ ಮುಚ್ಚಿದರೂ ಇಳಿಯುವುದಿಲ್ಲ. ಅನುಭವಿ ಹೂಡಿಕೆದಾರರು ಅದನ್ನು ಕಂಡೊಡನೆ ತಿಂಗಳವಾರು ಅಂಕಿ ಕೇಳುತ್ತಾರೆ. ಮೊದಲೇ ಅದನ್ನು ತೋರಿಸಿ.

ಹೋಲಿಕೆ ಸಮಾನವಾಗಿರಲಿ. ಮುಗಿಯದ ತಿಂಗಳನ್ನು ಚಾರ್ಟ್‌ನಿಂದ ತೆಗೆಯಿರಿ, ಇಲ್ಲದಿದ್ದರೆ ಪ್ರತಿ ತಿಂಗಳ ಮೊದಲ ವಾರ ಕುಸಿತದ ಗಾಬರಿ. ಕಚೇರಿಗಳಿಗೆ ಊಟ ಕಳಿಸುವವರು ಮಂಗಳವಾರವನ್ನು ಮಂಗಳವಾರಕ್ಕೇ ಹೋಲಿಸಬೇಕು. ಹಲವು ಹಬ್ಬಗಳು ಚಾಂದ್ರಮಾನದಂತೆ ಸರಿಯುತ್ತವೆ: 2023ರಲ್ಲಿ ದೀಪಾವಳಿ ನವೆಂಬರ್ 12ರ ಸುಮಾರಿಗೆ, 2025ರಲ್ಲಿ ಅಕ್ಟೋಬರ್ 20ರ ಸುಮಾರಿಗೆ ಬಂತು. ಅರ್ಧ ನಗರ ಊರಿಗೆ ಹೋದ ಅಕ್ಟೋಬರನ್ನು ಹೋಗದ ಅಕ್ಟೋಬರ್‌ಗೆ ಹೋಲಿಸಿ ಮಾರಾಟ ತಂಡವನ್ನು ಬೈದರೆ ಪ್ರಯೋಜನವಿಲ್ಲ. ದಸರಾ, ಯುಗಾದಿ, ಸಂಕ್ರಾಂತಿ, ಜೋರು ಮಳೆಯ ಸಂಜೆಗಳನ್ನು ಒಂದು ಕಾಲಂನಲ್ಲಿ ದಾಖಲಿಸಿ, ಚಾರ್ಟ್‌ನ ಮೇಲೆ ಸಣ್ಣದಾಗಿ ಬರೆಯಿರಿ.

ಲಕ್ಷ, ಕೋಟಿಯ ಅಲ್ಪವಿರಾಮ ಸರಿಯಾಗಿ ಬರದಿದ್ದರೆ ಶೀಟ್‌ನ ಕಸ್ಟಮ್ ಸಂಖ್ಯಾ ವಿನ್ಯಾಸದಲ್ಲಿ ಇದನ್ನು ಹಾಕಿ:

[>=10000000]##\,##\,##\,##0;[>=100000]##\,##\,##0;##,##0

ಇದಕ್ಕೊಂದು ಮಿತಿಯಿದೆ. ಋಣ ಸಂಖ್ಯೆಗಳು ಮೂರನೆಯ ಭಾಗಕ್ಕೆ ಬೀಳುವುದರಿಂದ ನಷ್ಟದ ಕಾಲಂ ಮಾತ್ರ ಮಿಲಿಯನ್ ಲೆಕ್ಕದಲ್ಲಿ ಅಲ್ಪವಿರಾಮ ತೋರಿಸಬಹುದು.

ಶೀರ್ಷಿಕೆಯಲ್ಲಿ "ಪ್ರದೇಶವಾರು ಮಾರಾಟ" ಎಂದು ಬರೆದರೆ ಓದುವವರಿಗೆ ಕೆಲಸ ಉಳಿಯಿತು. "ಹೊಸ ಚಂದಾದಾರರಲ್ಲಿ ಅರ್ಧದಷ್ಟು ಎಚ್‌ಎಸ್‌ಆರ್ ಬಡಾವಣೆಯವರು" ಎಂದು ಬರೆಯಿರಿ. ಬಣ್ಣ ಆ ಒಂದು ಪಟ್ಟಿಗೆ ಸಾಕು, ಉಳಿದವು ಬೂದು. ಕೆಂಪು ಹಸಿರಿನ ಭೇದ ಕಾಣದವರು ನಿಮ್ಮ ತಂಡದಲ್ಲೂ ಇರಬಹುದಾದ್ದರಿಂದ ಆ ಜೋಡಿಯನ್ನೇ ನೆಚ್ಚಿಕೊಳ್ಳಬೇಡಿ.

## ಹಂತ 8: ಸೇರಿದ ತಿಂಗಳವಾರು ಉಳಿಕೆಯ ಪಟ್ಟಿ

ಚಂದಾ ವ್ಯವಹಾರಕ್ಕೆ ಒಂದೇ ಚಿತ್ರ ಮಾಡಲು ಸಮಯವಿದೆ ಎಂದರೆ ಇದನ್ನು ಮಾಡಿ. ಒಂದೊಂದು ತಿಂಗಳು ಸೇರಿದವರಲ್ಲಿ ಎಷ್ಟು ಜನ ಮುಂದಿನ ತಿಂಗಳುಗಳಲ್ಲೂ ಉಳಿದರು ಎಂದು ಇದು ತೋರಿಸುತ್ತದೆ. ಕೋಹಾರ್ಟ್ ಪಟ್ಟಿ ಎಂದು ಕರೆಯುವುದು ಇದನ್ನೇ.

1. ಆರ್ಡರ್ ಹಾಳೆಯಲ್ಲಿ ಹೊಸ ಕಾಲಂ ಸೇರಿಸಿ, ಮಿನಿಫ್ಸ್ (MINIFS) ಸೂತ್ರದಿಂದ ಆ ಗ್ರಾಹಕರ ಮೊದಲ ಆರ್ಡರ್‌ನ ದಿನಾಂಕ ತನ್ನಿ. ಅದನ್ನು ತಿಂಗಳಿಗೆ ಇಳಿಸಿ.
2. ಇನ್ನೊಂದು ಕಾಲಂನಲ್ಲಿ ಮೊದಲ ತಿಂಗಳಿಗೂ ಈ ಆರ್ಡರ್‌ನ ತಿಂಗಳಿಗೂ ಇರುವ ಅಂತರ ಬರಲಿ. ವರ್ಷಗಳ ಅಂತರವನ್ನು 12ರಿಂದ ಗುಣಿಸಿ ತಿಂಗಳ ಅಂತರ ಕೂಡಿಸಿದರಾಯಿತು.
3. ಪಿವಟ್ ಟೇಬಲ್ ಮಾಡಿ: ಸಾಲಿಗೆ ಮೊದಲ ತಿಂಗಳು, ಕಾಲಂಗೆ ಅಂತರ, ಮೌಲ್ಯಕ್ಕೆ ಗ್ರಾಹಕರ ಗುರುತು ಸಂಖ್ಯೆ.
4. ಮೌಲ್ಯವನ್ನು ಎಣಿಸುವ ಬಗೆ ಕೌಂಟ್ ಯುನೀಕ್ (COUNTUNIQUE, ಒಬ್ಬರನ್ನು ಒಮ್ಮೆ ಮಾತ್ರ ಎಣಿಸುವುದು) ಎಂದಿರಲಿ. ಬರೀ ಕೌಂಟ್ ಎಂದರೆ ಆರ್ಡರ್‌ಗಳ ಎಣಿಕೆ ಬರುತ್ತದೆ, ಉಳಿಕೆ ನೂರಕ್ಕೆ ಮುನ್ನೂರಾಗುತ್ತದೆ.
5. ಪಕ್ಕದ ಹಾಳೆಯಲ್ಲಿ ಪ್ರತಿ ಸಾಲನ್ನು ಅದರ ಮೊದಲ ಕೋಶದಿಂದ ಭಾಗಿಸಿ, ಒಂದೇ ಬಣ್ಣದ ಗಾಢ, ತಿಳಿ ಛಾಯೆ ಕೊಡಿ.

ಜನವರಿಯಲ್ಲಿ 40 ಜನ ಸೇರಿ, ಫೆಬ್ರುವರಿಗೆ 31, ಮಾರ್ಚ್‌ಗೆ 26 ಉಳಿದರು. ಫೆಬ್ರುವರಿಯಲ್ಲಿ 60 ಸೇರಿ ಮಾರ್ಚ್‌ಗೆ 39 ಉಳಿದರು. ಮಾರ್ಚ್‌ನಲ್ಲಿ 90 ಹೊಸಬರು ಬಂದರು. ಒಟ್ಟು ಚಂದಾದಾರರು 40, 91, 155. ಈ ಗೆರೆ ನೋಡಿದವರು ಸಿಹಿ ಹಂಚುತ್ತಾರೆ. ಪಟ್ಟಿ ನೋಡಿದವರಿಗೆ ಬೇರೆಯದು ಕಾಣುತ್ತದೆ: ಎರಡನೆಯ ತಿಂಗಳಿಗೆ ಉಳಿದವರು ಶೇ 77.5ರಿಂದ ಶೇ 65ಕ್ಕೆ ಇಳಿದಿದ್ದಾರೆ. ತೂತಾದ ಕೊಡಕ್ಕೆ ಜೋರಾಗಿ ನೀರು ಹೊಯ್ಯುತ್ತಿದ್ದೀರಿ. ಜಾಹೀರಾತು ನಿಲ್ಲಿಸಬೇಕೇ ಎಂಬ ಪ್ರಶ್ನೆಗೆ ಉತ್ತರ ಈ ಎರಡು ಅಂಕಿಗಳ ನಡುವೆ ಇದೆ. ಫೆಬ್ರುವರಿಯಲ್ಲಿ ಬಂದವರು ಯಾವ ರಿಯಾಯಿತಿಯಿಂದ ಬಂದರು, ಯಾವ ಪ್ರದೇಶದವರು ಎಂದು ಒಡೆದು ನೋಡಿ.

ಸಂಖ್ಯೆ ಚಿಕ್ಕದಿದ್ದಾಗ ಶೇಕಡಾವಾರು ಜೊತೆಗೆ ತಲೆ ಎಣಿಕೆಯನ್ನೂ ಬರೆಯಿರಿ. ಆರು ಜನರಲ್ಲಿ ಒಬ್ಬರು ಮನೆ ಬದಲಿಸಿದರೂ ಉಳಿಕೆ ಸುಮಾರು ಶೇ 17 ಬೀಳುತ್ತದೆ.

## ಹಂತ 9: ನಕ್ಷೆ, ನಿಜಕ್ಕೂ ಬೇಕಿದ್ದರೆ

ಪ್ರಸ್ತುತಿಗಳಲ್ಲಿ ಬೆಂಗಳೂರಿನ ನಕ್ಷೆಗೆ ಅತಿಯಾದ ಮರ್ಯಾದೆ ಇದೆ. ಯಾವ ಪ್ರದೇಶದಲ್ಲಿ ಹೆಚ್ಚು ಎಂಬುದಷ್ಟೇ ಪ್ರಶ್ನೆಯಾದರೆ ಇಳಿಕೆ ಕ್ರಮದ ಅಡ್ಡ ಪಟ್ಟಿಗಳು ಸಾಕು. ಡೆಲಿವರಿ ದಾರಿ, ಎರಡನೆಯ ಅಡುಗೆಮನೆಯ ಜಾಗ ಇಂಥ ಪ್ರಶ್ನೆಗಳಿಗೆ ಮಾತ್ರ ನಕ್ಷೆ ಬೇಕು.

ವಿಳಾಸವನ್ನು ಯಾಂತ್ರಿಕವಾಗಿ ಬಿಂದುವಾಗಿಸಿದರೆ "5ನೇ ಮೇನ್, 3ನೇ ಕ್ರಾಸ್" ಬೇರೆ ಬಡಾವಣೆಗೆ ಹಾರುತ್ತದೆ. ಆ ಹೆಸರಿನ ರಸ್ತೆ ಇಲ್ಲದ ಬಡಾವಣೆ ಎಲ್ಲಿದೆ? ಗ್ರಾಹಕರಿಂದ ವಾಟ್ಸ್‌ಆ್ಯಪ್‌ನಲ್ಲಿ ಜಾಗದ ಗುರುತನ್ನೇ ತರಿಸಿಕೊಳ್ಳಿ. ವಾರ್ಡ್ ಗಡಿಗಳ ಕಡತ ಬಳಸುವವರು ಅದು ಯಾವ ವರ್ಷದ್ದೆಂದು ಮೊದಲು ನೋಡಬೇಕು. ಬಿಬಿಎಂಪಿಯ 198 ವಾರ್ಡ್‌ಗಳು ಮರುವಿಂಗಡಣೆಯಲ್ಲಿ 243 ಆದವು, ಮತ್ತೆ 225 ಆದವು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳೇ ಬಂದವು. ಹಳೆಯ ಗಡಿಯ ಮೇಲೆ ಹೊಸ ಅಂಕಿ ಹಾಕಿದರೆ ನಕ್ಷೆ ಚೆಂದವಾಗಿಯೇ ಬರುತ್ತದೆ, ತಪ್ಪಾಗಿ. ನಗರದ ಮುಕ್ತ ದತ್ತಾಂಶಕ್ಕೆ ಊರ್ವಾಣಿ ಪ್ರತಿಷ್ಠಾನದ ಓಪನ್ ಸಿಟಿ ತಾಣ ಒಳ್ಳೆಯ ಮೂಲ.

## ಹಂತ 10: ಈಗ ಡ್ಯಾಶ್‌ಬೋರ್ಡ್ ಕಟ್ಟಿ

ಲುಕರ್ ಸ್ಟುಡಿಯೋದಲ್ಲಿ ಖಾಲಿ ವರದಿ ತೆರೆದು ಶೀಟ್ ಅನ್ನು ಜೋಡಿಸಿ. ಚಾರ್ಟ್ ಎಳೆಯುವ ಮೊದಲು ಕಾಲಂಗಳ ಬಗೆಯನ್ನು ಒಂದೊಂದಾಗಿ ನೋಡಿ. ಪಿನ್‌ಕೋಡ್ ಸಂಖ್ಯೆ ಎಂದಿದ್ದರೆ ಸಾಧನ ನಿಷ್ಠೆಯಿಂದ ಎಲ್ಲ ಪಿನ್‌ಕೋಡ್‌ಗಳನ್ನೂ ಕೂಡಿಸಿ ಕೋಟಿಗಟ್ಟಲೆ ಮೊತ್ತ ತೋರಿಸುತ್ತದೆ.

ಒಂದೇ ಪುಟ ಸಾಕು. ಮೇಲೆ, ಹಂತ 1ರ ಮೂರು ನಿರ್ಧಾರಗಳಿಗೆ ಸಂಬಂಧಿಸಿದ ಮೂರು ಅಂಕಿ, ಪ್ರತಿಯೊಂದರ ಪಕ್ಕ ನೀವು ಬರೆದಿಟ್ಟ ಗಡಿ ಅಂಕಿ. ಕೆಳಗೆ ಎರಡು ಅಥವಾ ಮೂರು ಚಾರ್ಟ್. ಮೂಲೆಯಲ್ಲಿ ದತ್ತಾಂಶ ಕೊನೆಗೆ ಸೇರಿದ ದಿನಾಂಕ. ಅಷ್ಟಾದ ಮೇಲೆ ಹಂತ 6ರಲ್ಲಿ ತಾಳೆ ನೋಡಿದ ತಿಂಗಳನ್ನು ಆರಿಸಿ, 5,00,000 ಬರಬೇಕು. ಬರದಿದ್ದರೆ ಎಲ್ಲೋ ಒಂದು ಫಿಲ್ಟರ್ ಕುಳಿತಿದೆ ಅಥವಾ ಎರಡು ಶೀಟ್ ಜೋಡಿಸುವಾಗ ಸಾಲುಗಳು ಇಮ್ಮಡಿಯಾಗಿವೆ.

ಶೀಟ್ ಬದಲಾಯಿಸಿದರೂ ವರದಿ ತಕ್ಷಣ ಬದಲಾಗದಿದ್ದರೆ ಗಾಬರಿ ಬೇಡ. ದತ್ತಾಂಶ ನವೀಕರಣಕ್ಕೆ ಸಾಮಾನ್ಯವಾಗಿ 15 ನಿಮಿಷದ ಅಂತರವಿರುತ್ತದೆ. ಕನ್ನಡ ಶೀರ್ಷಿಕೆ ಹಾಕಿದವರು ಪಿಡಿಎಫ್ ತೆಗೆದು ಒತ್ತಕ್ಷರಗಳು ಒಡೆದಿಲ್ಲವೇ ಎಂದು ನೋಡಿಕೊಳ್ಳಬೇಕು. ಪರದೆಯಲ್ಲಿ ಸರಿಯಿದ್ದದ್ದು ಪಿಡಿಎಫ್‌ನಲ್ಲಿ ಕೆಡುವುದುಂಟು.

ಮೆಟಾಬೇಸ್ ಹಾದಿ ಹಿಡಿದವರಿಗೆ ಎರಡು ಎಚ್ಚರಿಕೆ. ಗ್ರಾಹಕರ ಆರ್ಡರ್ ನಡೆಯುತ್ತಿರುವ ಡೇಟಾಬೇಸ್‌ಗೆ ನೇರ ಜೋಡಿಸಬೇಡಿ. ಓದಲಷ್ಟೇ ಬರುವ ನಕಲಿಗೆ ಜೋಡಿಸಿ. ಊಟದ ಹೊತ್ತಿನಲ್ಲಿ ಯಾರೋ ಭಾರಿ ಪ್ರಶ್ನೆ ಓಡಿಸಿದರೆ ಆ್ಯಪ್ ನಿಂತುಹೋಗಬಹುದು. ಜೊತೆಗೆ ಮೆಟಾಬೇಸ್ ತನ್ನ ಸ್ವಂತ ಮಾಹಿತಿಯನ್ನು ಮೊದಲಿಗೆ ಎಚ್2 ಎಂಬ ಒಳ ಡೇಟಾಬೇಸ್‌ನಲ್ಲಿ ಇಡುತ್ತದೆ. ಅದನ್ನು ಪೋಸ್ಟ್‌ಗ್ರೆಸ್ ಎಂಬ ಪ್ರತ್ಯೇಕ ಡೇಟಾಬೇಸ್‌ಗೆ ಬದಲಿಸದಿದ್ದರೆ ಕಟ್ಟಿದ ಡ್ಯಾಶ್‌ಬೋರ್ಡ್‌ಗಳು ಒಂದು ದಿನ ಮಾಯವಾಗುವ ಅಪಾಯವಿದೆ.

ವಾರಕ್ಕೊಮ್ಮೆ, ಸೋಮವಾರ ಬೆಳಗ್ಗೆ ಎಂದಿಟ್ಟುಕೊಳ್ಳಿ, ಒಬ್ಬರು ಡ್ಯಾಶ್‌ಬೋರ್ಡ್ ತೆರೆದು ಮೂರು ಸಾಲಿನ ಟಿಪ್ಪಣಿ ಬರೆಯಬೇಕು. ಹೆಸರು ಹಿಡಿದು ಒಬ್ಬರಿಗೆ ಒಪ್ಪಿಸಿ. ಎಲ್ಲರ ಕೆಲಸ ಎಂದರೆ ಯಾರ ಕೆಲಸವೂ ಅಲ್ಲ.

## ಹಂತ 11: ಹಂಚುವ ಮೊದಲು ಬಾಗಿಲು ಹಾಕಿ

ಲುಕರ್ ಸ್ಟುಡಿಯೋದಲ್ಲಿ ದತ್ತಾಂಶಕ್ಕೆ ಮಾಲೀಕರ ಅನುಮತಿ ಎಂದಿದ್ದು, ಕೊಂಡಿ ಇರುವವರೆಲ್ಲ ನೋಡಬಹುದು ಎಂದು ಬಿಟ್ಟಿದ್ದರೆ, ಶೀಟ್‌ಗೆ ಪ್ರವೇಶವಿಲ್ಲದವರಿಗೂ ಅದರಲ್ಲಿರುವುದು ಕಾಣುತ್ತದೆ. ಚಾರ್ಟ್ ಹಂಚುವ ಉಚಿತ ತಾಣವಾದ ಟ್ಯಾಬ್ಲೋ ಪಬ್ಲಿಕ್‌ನಲ್ಲಿ ಪ್ರಕಟಿಸಿದ್ದು, ಫ್ಲರಿಶ್‌ನ ಉಚಿತ ಖಾತೆಯಲ್ಲಿ ಪ್ರಕಟಿಸಿದ್ದು ಜಗಜ್ಜಾಹೀರು. ಅಲ್ಲಿಗೆ ಗ್ರಾಹಕರ ಪಟ್ಟಿ ಹಾಕಬೇಡಿ.

ಚಾರ್ಟ್‌ಗೆ ಹೆಸರು, ಮೊಬೈಲ್ ಸಂಖ್ಯೆ, ಮನೆ ಸಂಖ್ಯೆ ಯಾವುದೂ ಬೇಕಿಲ್ಲ. ಗುರುತು ಸಂಖ್ಯೆ, ಪಿನ್‌ಕೋಡ್ ಇರುವ ಬೇರೆ ಹಾಳೆ ಮಾಡಿ ಅದನ್ನಷ್ಟೇ ಜೋಡಿಸಿ. ಚಾಟ್‌ಬಾಟ್‌ಗೆ ಶೀಟ್ ಕೊಟ್ಟು ಚಾರ್ಟ್ ಬರೆಸುವವರಿಗೂ ಇದೇ ಮಾತು. ಅದು ಹೇಳಿದ ಮೊತ್ತವನ್ನು ಹಂತ 6ರ ಅಂಕಿಯೊಂದಿಗೆ ಒರೆಗೆ ಹಚ್ಚುವುದೂ ನಿಮ್ಮದೇ ಕೆಲಸ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ದತ್ತಾಂಶವನ್ನು ಸಮಂಜಸವಾಗಿ ಕಾಪಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು.

ಕೆಲಸ ಬಿಟ್ಟವರ ಪ್ರವೇಶವನ್ನು ಅಂದೇ ತೆಗೆಯಿರಿ. ಶೀಟ್, ವರದಿಗಳ ಮಾಲೀಕತ್ವ ಯಾರೊಬ್ಬರ ಸ್ವಂತ ಜಿಮೇಲ್‌ನಲ್ಲೂ ಇರದೆ ಸಂಸ್ಥೆಯ ಖಾತೆಯಲ್ಲಿರಲಿ.

## ಹಂತ 12: ಹೊರಗಿನವರಿಗೆ ಕಳಿಸುವ ಪ್ರತಿ

ಹೂಡಿಕೆದಾರರಿಗಾಗಲಿ, ನವೋದ್ಯಮಗಳಿಗೆ ಧನಸಹಾಯ ಕೊಡುವ ರಾಜ್ಯ ಸರ್ಕಾರದ ಎಲಿವೇಟ್‌ನಂಥ ಯೋಜನೆಯ ಅರ್ಜಿಗಾಗಲಿ ಓಡುತ್ತಿರುವ ಡ್ಯಾಶ್‌ಬೋರ್ಡ್‌ನ ಕೊಂಡಿ ಕಳಿಸಬೇಡಿ. ನೀವು ಕಳಿಸಿದ ದಿನ ಒಂದು ಅಂಕಿ, ಅವರು ತೆರೆದ ದಿನ ಇನ್ನೊಂದು ಅಂಕಿ ಇರುತ್ತದೆ. ದಿನಾಂಕ ನಮೂದಿಸಿದ ಪಿಡಿಎಫ್ ಕಳಿಸಿ. ಆ ದಿನದ ಶೀಟ್‌ನ ನಕಲನ್ನು ಬೀಗ ಹಾಕಿ ಇಟ್ಟುಕೊಳ್ಳಿ.

ಕೈಯಲ್ಲಿರುವ ಹಣ ಎಷ್ಟು ತಿಂಗಳು ಬರುತ್ತದೆ ಎಂಬ ಅಂಕಿಯನ್ನು ಮುಚ್ಚಿಡಬೇಡಿ. ಖಾತೆಯಲ್ಲಿ 48 ಲಕ್ಷ ಇದ್ದು, ಆದಾಯ ಕಳೆದು ತಿಂಗಳಿಗೆ 6 ಲಕ್ಷ ಕರಗುತ್ತಿದ್ದರೆ 8 ತಿಂಗಳು. ಆದರೆ ಖಾತೆಯಲ್ಲಿರುವ ಜಿಎಸ್‌ಟಿ ಬಾಕಿ, ಮುಂಗಡ ಚಂದಾ ಹಣ ಸೇರಿಸಿ 48 ಲಕ್ಷ ಎಂದಿದ್ದರೆ ಮೊದಲು ಅವನ್ನು ಕಳೆಯಿರಿ. ಪ್ರತಿ ಚಾರ್ಟ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ ಮೂಲ, ಅವಧಿ, ಅಳತೆಯ ಅರ್ಥ ಬರೆಯಿರಿ. ಹಂತ 5ರ ಹಾಳೆಯಿಂದ ನಕಲು ಮಾಡಿದರೆ ಸಾಕು. ಕಳಿಸುವ ಮುನ್ನ ಲೆಕ್ಕಪರಿಶೋಧಕರಿಗೆ ಒಮ್ಮೆ ತೋರಿಸಿ, ಅವರ ಬಳಿಯ ಜಿಎಸ್‌ಟಿ ರಿಟರ್ನ್‌ನ ಮಾರಾಟಕ್ಕೂ ನಿಮ್ಮ ಪುಟದ ಮಾರಾಟಕ್ಕೂ ವ್ಯತ್ಯಾಸವಿದ್ದರೆ ಕಾರಣವನ್ನು ಅದೇ ಪುಟದಲ್ಲಿ ಒಂದು ಸಾಲಿನಲ್ಲಿ ಬರೆಯಿರಿ.